ಅಳಿಸುವುದಕ್ಕೆಂದೇ ಬರೆದ ಚಿತ್ರ

ಬಣ್ಣಬಣ್ಣದ ಚಿತ್ರಕತೆಯ ಪುಸ್ತಕವನ್ನು ಮಕ್ಕಳ ಕೈಯಿಂದ ಕಸಿದು, ಗದರಿಸುವ ನೆಪದಲ್ಲಿ ತಾವೇ ಓದಿ ಮುಗಿಸದ ಹಿರಿಯರು ವಿರಳ. ಆದರೆ ಆ ಪುಟದ ಒಂದೊಂದು ಕಪ್ಪು ಗೆರೆಯ ಅಡಿಯಲ್ಲಿಯೂ ಇನ್ನೊಂದು ಗೆರೆ ಇದ್ದು ಅಳಿದುಹೋಗಿರಬಹುದೆಂಬುದನ್ನು ಬಲ್ಲವರು ಕೆಲವರೇ.

ಅಮೆರಿಕದ ಚಿತ್ರಕತೆಗಳಲ್ಲಿ ಪೆನ್ಸಿಲಿನಿಂದ ಬರೆಯುವವನು ಒಬ್ಬ, ಅದರ ಮೇಲೆ ಶಾಯಿ ಹಾಕುವವನು ಮತ್ತೊಬ್ಬ. ತಿಂಗಳು ತಪ್ಪದೆ ಸಂಚಿಕೆ ಹೊರಬರಬೇಕೆಂಬ ಅವಸರವೇ ಈ ಕೆಲಸದ ಹಂಚಿಕೆಯನ್ನು ಬೆಳೆಸಿತು. ಶಾಯಿ ಒಣಗಿದ ಬಳಿಕ ಪುಟದ ಮೇಲೆ ರಬ್ಬರು ಆಡುತ್ತದೆ. ಅಚ್ಚಿನ ಕ್ಯಾಮೆರಾದ ಎದುರು ನಿಲ್ಲುತ್ತಿದ್ದುದು ಶಾಯಿಯ ಗೆರೆ ಮಾತ್ರ.

ಹೀಗಾಗಿ ಪೆನ್ಸಿಲಿನ ಪುಟವೆಂದರೆ ಒಬ್ಬ ಕಲಾವಿದ ಮತ್ತೊಬ್ಬನಿಗೆ ಬರೆದ ಓಲೆ. ಅಕ್ಷರ ಗೋಜಲಾದರೆ ಓದುವವನು ಊಹಿಸಿಕೊಳ್ಳಬೇಕು. ಊಹೆ ಹೆಚ್ಚಿದಷ್ಟೂ ಬರೆದವನ ಮಾತು ಕಡಿಮೆಯಾಗುತ್ತದೆ. ಕೈ ತಡವರಿಸಿ ಎಳೆದ ನಾಲ್ಕು ಗೆರೆಗಳಲ್ಲಿ ಮೂಗು ಯಾವುದೆಂದು ಶಾಯಿ ಹಾಕುವವನೇ ತೀರ್ಮಾನಿಸಿದರೆ, ಆ ಮೂಗು ಅವನದೇ ಆಯಿತಷ್ಟೆ! ನುರಿತ ಕೈ ಮೊದಲು ಹಗುರವಾಗಿ ಆಕಾರ ಕಟ್ಟಿಕೊಂಡು, ಆಮೇಲೆ ಒಂದೇ ಖಚಿತವಾದ ಗೆರೆಯನ್ನು ಉಳಿಸುತ್ತದೆ. ಪೂರ್ತಿ ಕಪ್ಪಾಗಬೇಕಾದ ಜಾಗವನ್ನು ತುಂಬುವ ಬದಲು ಅಲ್ಲೊಂದು ಸಣ್ಣ ಕತ್ತರಿ ಗುರುತು ಹಾಕಿದರೆ ಸಾಕು. ಸೀಸ ತೀರ ಮೆದುವಾದರೆ ಪುಟವೆಲ್ಲ ಮಸಿಯಾದೀತು. ತೀರ ಗಡಸಾದರೆ ಕಾಗದದಲ್ಲಿ ಗೀರು ಬಿದ್ದು ರಬ್ಬರಿಗೂ ಬಗ್ಗದು. ಕೆಲವರು ಕರಡಿಗೆ ತಿಳಿನೀಲಿ ಪೆನ್ಸಿಲನ್ನು ಬಳಸುತ್ತಿದ್ದರು. ಅಚ್ಚಿನ ಫಿಲಮು ಆ ನೀಲಿಯನ್ನು ಕಾಣದು. ಅಳಿಸುವ ಶ್ರಮವೇ ಇಲ್ಲ.

ಈ ವಿದ್ಯೆಯಲ್ಲಿ ಜ್ಯಾಕ್ ಕರ್ಬಿಯವರ ಹೆಸರು ದೊಡ್ಡದು. 1917ರಲ್ಲಿ ನ್ಯೂಯಾರ್ಕಿನ ಬಡ ವಲಸಿಗರ ಮನೆಯೊಂದರಲ್ಲಿ ಹುಟ್ಟಿದ ಇವರು, 1961ರಲ್ಲಿ ಸ್ಟ್ಯಾನ್ ಲೀಯವರೊಡನೆ ‘ಫೆಂಟಾಸ್ಟಿಕ್ ಫೋರ್’ ಆರಂಭಿಸಿದರು. ಆ ಸಂಸ್ಥೆಯ ರೀತಿಯೇ ಬೇರೆ: ಕತೆಯ ಎಳೆಯೊಂದನ್ನು ಹಿಡಿದು ಚಿತ್ರಕಾರನು ಇಡೀ ಸಂಚಿಕೆಯನ್ನು ಪೆನ್ಸಿಲಿನಲ್ಲಿ ಬರೆಯಬೇಕು, ಸಂಭಾಷಣೆ ಬರುವುದು ಆಮೇಲೆ. ಕರ್ಬಿಯವರು ಅಂಚಿನಲ್ಲಿ ಟಿಪ್ಪಣಿಗಳನ್ನೂ ಬರೆದಿಡುತ್ತಿದ್ದರು. ಅಂದಮೇಲೆ ಕತೆ ನಿಜವಾಗಿ ನಡೆದದ್ದು ಆ ಪೆನ್ಸಿಲಿನ ಮೊನೆಯಲ್ಲೆಂದು ನನ್ನ ಎಣಿಕೆ. 1970ರಲ್ಲಿ ಅವರು ‘ಡಿಸಿ’ ಸಂಸ್ಥೆಗೆ ಹೋದಾಗ ಒಪ್ಪಿಕೊಂಡದ್ದು ವಾರಕ್ಕೆ 15 ಪುಟ! ಇಷ್ಟು ವೇಗದಲ್ಲಿಯೂ ಅವರ ಪುಟ ಅರೆಬರೆಯಾಗಿರುತ್ತಿರಲಿಲ್ಲ.

ಆದರೆ ಓಲೆಯ ಗತಿ ಅದು ಸೇರಿದ ಕೈಯನ್ನು ಅವಲಂಬಿಸಿದೆ. ಜೋ ಸಿನ್ನಾಟ್ ಅವರಿಗೆ ಸಿಕ್ಕಿದ ಪುಟ ಇನ್ನಷ್ಟು ಹೊಳಪಾಗಿ ಹೊರಬರುತ್ತಿತ್ತು. ‘ಥಾರ್’ ಕತೆಗಳಿಗೆ ಬಹುಕಾಲ ಶಾಯಿ ಹಾಕಿದ ವಿನ್ಸ್ ಕೊಲೆಟ್ಟಾ ಅವರ ಗೆರೆ ಕೂದಲೆಳೆಯಂತೆ ನವಿರು. ಪುರಾಣಕಾಲದ ಆ ದೇವತೆಗಳಿಗೆ ಅದು ಒಪ್ಪುತ್ತದೆಂದು ಮೆಚ್ಚಿದವರೂ ಉಂಟು. ಆದರೆ ಸಮಯ ಉಳಿಸಲು ಅವರು ಹಿನ್ನೆಲೆಯ ಮನುಷ್ಯರನ್ನು ಅಳಿಸಿಬಿಡುತ್ತಿದ್ದರು. ಮುಖಮುಖವಾಗಿ ಬರೆದ ಜನರನ್ನು ಬರಿಯ ಕಪ್ಪು ನೆರಳಾಗಿಸುತ್ತಿದ್ದರು. ಅವರನ್ನು ಖಳನೆನ್ನುವುದು ಸುಲಭ. ಗಡುವು ಮೀರಿದ ಕೆಲಸವನ್ನು ಹೇಗಾದರೂ ಮುಗಿಸಿಕೊಡುವವರೆಂದೇ ಸಂಪಾದಕರು ಅವರನ್ನು ನೆಚ್ಚಿದ್ದರೆಂಬುದನ್ನೂ ನೆನೆಯಬೇಕು. ಆದರೂ ಒಬ್ಬನು ಕಣ್ಣು ನೋಯಿಸಿಕೊಂಡು ಬರೆದ ಮುಖವನ್ನು ಮತ್ತೊಬ್ಬನು ರಬ್ಬರಿನಿಂದ ಒರಸಿಹಾಕುವುದು ನನಗಂತೂ ಸಹ್ಯವಾಗದು.

‘ಡಿಸಿ’ಯಲ್ಲಿಯೂ ಕರ್ಬಿಯವರಿಗೆ ಮೊದಲು ದೊರೆತವರು ಕೊಲೆಟ್ಟಾ ಅವರೇ. ಕರ್ಬಿಯವರ ತರುಣ ಸಹಾಯಕರು ಪೆನ್ಸಿಲ್ ಪುಟದ ಪ್ರತಿಯನ್ನೂ ಅಚ್ಚಾದ ಪುಟವನ್ನೂ ಪಕ್ಕಪಕ್ಕದಲ್ಲಿ ಹಿಡಿದು ತೋರಿಸಿದಾಗ ವಿಷಯ ಇತ್ಯರ್ಥಕ್ಕೆ ಬಂತು. ಆ ಬಳಿಕ ಬಂದವರು ಮೈಕ್ ರಾಯರ್ (ಹೆಸರು ಕೇಳಿ ನಮ್ಮ ಕಡೆಯವರೆಂದು ಭ್ರಮಿಸಬೇಡಿ). ಅವರು ಪೆನ್ಸಿಲಿನ ಗೆರೆ ಹೇಗಿತ್ತೋ ಹಾಗೆಯೇ ಶಾಯಿ ಹಾಕಿದರು. ಒಮ್ಮೆ ಮಾತ್ರ ನಾಯಿಕೆಯೊಬ್ಬಳ ಮುಖವನ್ನು ಇನ್ನಷ್ಟು ಚೆಲುವಾಗಿಸಲು ಹೋಗಿ, ಮುಖಗಳನ್ನು ಮುಟ್ಟಬೇಡವೆಂದು ಹೇಳಿಸಿಕೊಂಡರಂತೆ.

ಈಗ ರಬ್ಬರಿನ ಭಯ ಬಹುಮಟ್ಟಿಗೆ ಕಳೆದಿದೆ. ಪೆನ್ಸಿಲ್ ಪುಟವನ್ನು ಸ್ಕ್ಯಾನ್ ಮಾಡಿ, ಬೇರೊಂದು ಕಾಗದದ ಮೇಲೆ ತಿಳಿನೀಲಿಯಲ್ಲಿ ಮುದ್ರಿಸಿಕೊಂಡು ಶಾಯಿ ಹಾಕುವುದುಂಟು. ಮೂಲ ಹಾಗೆಯೇ ಉಳಿಯುತ್ತದೆ. ಪರದೆಯ ಮೇಲೆಯೇ ಎಲ್ಲವನ್ನೂ ಮುಗಿಸುವವರೂ ಹೆಚ್ಚಿದ್ದಾರೆ.

ಕರ್ಬಿಯವರು 1994ರಲ್ಲಿ ತೀರಿಕೊಂಡರು. ಅದೇ ವರ್ಷ ‘ದಿ ಜ್ಯಾಕ್ ಕರ್ಬಿ ಕಲೆಕ್ಟರ್’ ಎಂಬ ಪತ್ರಿಕೆ ಹುಟ್ಟಿ, ಅವರ ಪೆನ್ಸಿಲ್ ಪುಟಗಳ ಉಳಿದುಬಂದ ಯಂತ್ರಪ್ರತಿಗಳನ್ನು ಶಾಯಿಯಿಲ್ಲದೆ, ಬಣ್ಣವಿಲ್ಲದೆ, ಇದ್ದಂತೆಯೇ ಅಚ್ಚು ಹಾಕತೊಡಗಿತು. ಹಳೆಯ ಸಂಚಿಕೆಗಳನ್ನು ಜೋಪಾನ ಮಾಡಿಟ್ಟ ಓದುಗರು ಎರಡನ್ನೂ ಎದುರಿಗಿಟ್ಟುಕೊಂಡು, ಕಾಣೆಯಾದ ಆಳುಗಳನ್ನು ಎಣಿಸುತ್ತ ಕೂರುತ್ತಾರೆ.