ಬಾಗಿಲು ಮುಚ್ಚುವ ಹಬ್ಬ: ಯೆಹೂದ್ಯ ಪ್ರಾರ್ಥನೆಯಲ್ಲಿ ಅನುಗ್ರಹ

ಥಾಣೆಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಹಲವರು ಅಲ್ಲಿಯ ಯೆಹೂದ್ಯ ಪ್ರಾರ್ಥನಾಮಂದಿರವನ್ನು ಹೊರಗಿನಿಂದಲಾದರೂ ಕಂಡಿರಬಹುದು. 1879ರಲ್ಲಿ ಸ್ಥಾಪಿತವಾದ ಅದರ ಹೆಸರು ‘ಶಾಅರ್ ಹಶ್ಶಾಮಾಯಿಮ್’. ಹೀಬ್ರೂ ಭಾಷೆಯಲ್ಲಿ ‘ಸ್ವರ್ಗದ ಬಾಗಿಲು’ ಎಂದರ್ಥ. ಕೊಂಕಣದ ಹಳ್ಳಿಗಳಲ್ಲಿ ಗಾಣ ನಡೆಸುತ್ತ, ಶನಿವಾರ ಕೆಲಸ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ಗಳೆನಿಸಿಕೊಂಡ, ಮನೆಯಲ್ಲಿ ಮರಾಠಿಯಾಡುವ ಬೆನೆ ಇಸ್ರಾಯೇಲರದು ಈ ಮಂದಿರ. 1796ರಲ್ಲಿ ಮುಂಬಯಿಯಲ್ಲಿ ಅವರು ಕಟ್ಟಿಸಿದ ಮೊದಲ ಮಂದಿರದ ಹೆಸರೂ ‘ದಯೆಯ ಬಾಗಿಲು’ ಎಂದೇ. 1948ರ ತರುವಾಯ ಬಹುಮಂದಿ ಇಸ್ರೇಲಿಗೆ ತೆರಳಿದರೂ ಥಾಣೆಯಲ್ಲಿ ಪ್ರಾರ್ಥನೆ ನಿಂತಿಲ್ಲ.

ಆ ಪ್ರಾರ್ಥನೆ ಬೇಡುವುದೇನನ್ನು? ದಿನಕ್ಕೆ ಮೂರು ಸಲ, ಜೆರೂಸಲೇಮಿನ ಕಡೆಗೆ ಮುಖಮಾಡಿ, ನಿಂತು ಹೇಳುವ ‘ಅಮೀದಾ’ ಎಂಬುದೇ ಅದರ ತಿರುಳು. ವಾರದ ದಿನಗಳ ಪಾಠದಲ್ಲಿ 19 ಖಂಡಗಳಿವೆ (ರೂಢಿಯ ಹೆಸರು ಮಾತ್ರ ‘ಹದಿನೆಂಟು’ ಎಂದೇ ಉಳಿದುಬಂದಿದೆ). ನಾಲ್ಕನೆಯದು ಅರಿವನ್ನು, ಐದನೆಯದು ದೇವರೆಡೆಗೆ ಮರಳುವಿಕೆಯನ್ನು, ಆರನೆಯದು ಕ್ಷಮೆಯನ್ನು ಬೇಡುತ್ತದೆ. ಈ ಕ್ರಮವು ಗಮನಿಸತಕ್ಕುದು. ಮರಳುವಿಕೆಗೆ ಹೀಬ್ರೂವಿನಲ್ಲಿ ‘ತೆಶುವಾ’ ಎನ್ನುವರು. ಅದು ಬರಿಯ ಪಶ್ಚಾತ್ತಾಪವಲ್ಲ. ನಡೆಯುವ ದಿಕ್ಕನ್ನೇ ತಿರುಗಿಸಿಕೊಳ್ಳುವುದು. ಮರಳಬೇಕಾದವನು ಮನುಷ್ಯನೇ ಸರಿ. ಆದರೆ ತನ್ನನ್ನು ಮರಳಿಸೆಂದು ಅವನು ಮೊರೆಯಿಡುವುದು ದೇವರಲ್ಲಿ. ಹಾಗಾದರೆ ಪರಿವರ್ತನೆ ಯಾರ ಕೆಲಸ? ನಮ್ಮ ಶ್ರೀವೈಷ್ಣವರ ಮರ್ಕಟ-ಮಾರ್ಜಾಲ ನ್ಯಾಯಗಳನ್ನು ಬಲ್ಲವರಿಗೆ ಈ ತೊಡಕು ಹೊಸದಲ್ಲ. ತಾಯಿಯನ್ನು ತಾನೇ ಅಪ್ಪಿ ಹಿಡಿಯುವ ಕಪಿಯ ಮರಿಯೋ, ತಾಯಿಯೇ ಕಚ್ಚಿಕೊಂಡು ಹೋಗುವ ಬೆಕ್ಕಿನ ಮರಿಯೋ? ಅಮೀದಾ ಇವೆರಡರಲ್ಲಿ ಒಂದನ್ನು ಆರಿಸಿಕೊಂಡಂತೆ ನನಗೆ ತೋರುವುದಿಲ್ಲ. ಮರಳುವ ಶಕ್ತಿಯನ್ನು ಬೇಡುವುದರಲ್ಲಿಯೇ ಮೊದಲ ಹೆಜ್ಜೆ ಬಿದ್ದಿರುತ್ತದೆ.

ಯೋಮ್ ಕಿಪ್ಪೂರ್ ಎಂಬ ಮಹೋಪವಾಸದ ದಿನವನ್ನು ಬೆನೆ ಇಸ್ರಾಯೇಲರು ಮರಾಠಿಯಲ್ಲಿ ‘ದಾರ್ ಫಾಳಣೀಚಾ ಸಣ’, ಎಂದರೆ ಬಾಗಿಲು ಮುಚ್ಚುವ ಹಬ್ಬವೆಂದು ಕರೆದರು. ಮಂದಿರಗಳಿಲ್ಲದ ಕಾಲದಲ್ಲಿ ಅವರು ಅಂದು ಮನೆಯ ಬಾಗಿಲು ಹಾಕಿಕೊಂಡು ಉಪವಾಸವಿರುತ್ತಿದ್ದರು. ಸೋಜಿಗವೆಂದರೆ, ಆ ದಿನದ ಕೊನೆಯ ಪ್ರಾರ್ಥನೆಯಾದ ‘ನೆಈಲಾ’ ಎಂಬುದಕ್ಕೂ ಮುಚ್ಚುವಿಕೆ ಎಂದೇ ಅರ್ಥ. ಅಲ್ಲಿ ಮುಚ್ಚುವುದು ಸ್ವರ್ಗದ ಬಾಗಿಲು.

ಆದರೂ ಈ ಅನುಗ್ರಹಕ್ಕೊಂದು ಎಲ್ಲೆಯುಂಟು. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ‘ಮಿಶ್ನಾ’ ಗ್ರಂಥದ ನಿರ್ಣಯದಂತೆ, ದೇವರಿಗೆ ಮಾಡಿದ ಅಪರಾಧ ಮಾತ್ರವೇ ಆ ದಿನದಿಂದ ಕಳೆಯತಕ್ಕುದು; ನೆರೆಯವನಿಗೆ ಮಾಡಿದ ಅನ್ಯಾಯವು ಅವನನ್ನು ಸಮಾಧಾನಗೊಳಿಸುವವರೆಗೆ ಉಳಿಯುತ್ತದೆ. ಆದುದರಿಂದಲೇ ಉಪವಾಸಕ್ಕೆ ಮುನ್ನ ಪರಸ್ಪರ ಕ್ಷಮೆ ಕೇಳಿಕೊಳ್ಳುವ ವಾಡಿಕೆ ಯೆಹೂದ್ಯರಲ್ಲಿದೆ.