ಕೆರೆಯ ಕಾಯಕವೂ ವಿದ್ವತ್ಸಭೆಯೂ

ಕೆರೆ, ಕಟ್ಟೆ, ಜವುಳು, ಅಳಿವೆ ಇವೆಲ್ಲವನ್ನೂ ಇಂದಿನ ವಿಜ್ಞಾನವು ‘ಜೌಗು ಪ್ರದೇಶ’ ಎಂಬ ಒಂದೇ ಹೆಸರಿನಿಂದ ಗುರುತಿಸುತ್ತದೆ. ಇವುಗಳ ರಕ್ಷಣೆಗಾಗಿ ೧೯೭೧ರ ಫೆಬ್ರುವರಿ ೨ರಂದು ಇರಾನ್ ದೇಶದ ರಾಮ್ಸಾರ್ ನಗರದಲ್ಲಿ ರಾಷ್ಟ್ರಗಳ ಒಪ್ಪಂದವಾಯಿತು. ಭಾರತವು ೧೯೮೨ರಲ್ಲಿ ಅದನ್ನು ಸೇರಿತು. ನಮ್ಮ ನಾಡಿನ ರಂಗನತಿಟ್ಟು ೨೦೨೨ರಲ್ಲಿಯೂ, ಅಘನಾಶಿನಿ ಅಳಿವೆ, ಮಾಗಡಿ ಕೆರೆ ಹಾಗೂ ಅಂಕಸಮುದ್ರ ೨೦೨೪ರಲ್ಲಿಯೂ ಆ ಪಟ್ಟಿಗೆ ಸೇರಿದವು. ಇವುಗಳಲ್ಲಿ ಮಾಗಡಿ ಮತ್ತು ಅಂಕಸಮುದ್ರ ಎರಡೂ ನಮ್ಮ ಪೂರ್ವಜರು ಕೈಯಾರೆ ಕಟ್ಟಿದ ಕೆರೆಗಳೆಂಬುದನ್ನು ಸದ್ಭಕ್ತರು ಗಮನಿಸಬೇಕು.

ಸಾವಿರಾರು ಕೆರೆಗಳಿರುವ ನಾಡಿನಲ್ಲಿ ಈ ಎರಡಕ್ಕೇ ಈ ಮನ್ನಣೆ ಏಕೆ ಬಂದಿತು? ನೀರುಹಕ್ಕಿಗಳು ಇಪ್ಪತ್ತು ಸಾವಿರ ಇರಬೇಕು, ಅಥವಾ ಒಂದು ಜಾತಿಯ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಒಂದು ಪಾಲಾದರೂ ಅಲ್ಲಿ ನೆಲೆಸಬೇಕು ಎಂಬಂತಹ ಒರೆಗಲ್ಲುಗಳು ಆ ಒಪ್ಪಂದದಲ್ಲಿವೆ. ಹಿಮಾಲಯವನ್ನು ದಾಟಿ ಮಾಗಡಿಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ಎಣಿಸಿ ಬರೆದಿಡುವವರಿಲ್ಲದಿದ್ದರೆ ಆ ಕೆರೆಯ ಹಿರಿಮೆ ಊರಿನ ಗಡಿಯನ್ನು ದಾಟುತ್ತಿರಲಿಲ್ಲ. ಇನ್ನೊಂದು ಸಂಗತಿಯೂ ಉಂಟು. ೨೦೧೭ರ ಜೌಗು ಪ್ರದೇಶ ನಿಯಮಗಳು ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನು ತಮ್ಮ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಆದುದರಿಂದ ಊರ ಕೆರೆಯ ಪರವಾಗಿ ಸಾಕ್ಷಿ ನುಡಿಯಬೇಕಾದವರು ಊರಿನವರೇ.

ಅಂತಹ ಸಾಕ್ಷಿಗೆ ವೇದಿಕೆಗಳಿಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಎರಡು ವರ್ಷಗಳಿಗೊಮ್ಮೆ ‘ಲೇಕ್’ ಎಂಬ ಹೆಸರಿನ ಸಮ್ಮೇಳನವನ್ನು ನಡೆಸಿಕೊಂಡು ಬಂದಿದ್ದಾರೆ. ೨೦೧೪ರಲ್ಲಿ ಅದು ಶಿರಸಿಯಲ್ಲಿಯೂ ೨೦೧೬ರಲ್ಲಿ ಮೂಡುಬಿದಿರೆಯಲ್ಲಿಯೂ ನೆರವೇರಿತು. ಹಿರಿಯ ವಿಜ್ಞಾನಿಗಳ ಜೊತೆಗೆ ಶಾಲಾ ಕಾಲೇಜುಗಳ ಮಕ್ಕಳೂ ತಮ್ಮ ಪ್ರಬಂಧಗಳನ್ನು ಮಂಡಿಸುವುದು ಅದರ ವೈಶಿಷ್ಟ್ಯ.

ಪ್ರಬಂಧವೆಂದೊಡನೆ ಅಂಜಬೇಕಾಗಿಲ್ಲ. ನೀರು ಒಳಬರುವಲ್ಲಿ, ನಡುವಿನಲ್ಲಿ, ಕೋಡಿಯಲ್ಲಿ ಹೀಗೆ ಮೂರೆಡೆ ಪ್ರತಿ ತಿಂಗಳೂ ನೀರನ್ನು ಪರೀಕ್ಷಿಸಬೇಕು. ಹಕ್ಕಿಗಳನ್ನು ಒಂದೇ ಹೊತ್ತಿನಲ್ಲಿ ಎಣಿಸಬೇಕು. ಹಳೆಯ ನಕಾಶೆಯ ವಿಸ್ತಾರವನ್ನು ಇಂದಿನದರೊಂದಿಗೆ ಹೋಲಿಸಬೇಕು. ಬಚ್ಚಲ ನೀರು ಮತ್ತು ಮಾರ್ಜಕಗಳ ರಂಜಕವು ಕೆರೆಗೆ ಸೇರಿದಾಗ ಪಾಚಿ, ಅಂತರಗಂಗೆ ಹಬ್ಬುತ್ತವೆ. ಅವು ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕ ಕುಗ್ಗುತ್ತದೆ. ಮೀನುಗಳಿಗೆ ಲೀಟರಿಗೆ ೪ ಮಿಲಿಗ್ರಾಂ ಆದರೂ ಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ. ೨೦೧೫ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದುದನ್ನು ನಾಡೆಲ್ಲ ಕಂಡಿತು. ನೀರೇ ಉರಿಯುವವರೆಗೆ ಸುಮ್ಮನಿದ್ದರೆ ಆಮೇಲೆ ಅಳೆಯಲು ಏನು ಉಳಿದೀತು?

ಭಕ್ತರಿಗೆ ಇದೆಲ್ಲ ಏತಕ್ಕೆ ಎಂದು ಕೆಲವರು ಕೇಳುವುದುಂಟು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭುಗಳು ಬಂದು ಅವರನ್ನು ಒಡ್ಡನೆಂದು ಜರೆದ ಪ್ರಸಂಗವನ್ನು ಅವರು ಮುಂದಿಡುತ್ತಾರೆ. ನಮ್ಮ ತಿಳಿವಿನಲ್ಲಿ ಪ್ರಭುಗಳು ನಿರಾಕರಿಸಿದ್ದು ಕೆರೆಯನ್ನಲ್ಲ, ನಾನು ಕಟ್ಟಿದೆನೆಂಬ ಅಹಂಭಾವವನ್ನು. ಅಹಂಕಾರವಳಿದ ಮೇಲೆ ಉಳಿಯುವುದು ಶುದ್ಧ ಕಾಯಕ. ಕೆರೆಯನ್ನು ಅಳೆದು ಹಕ್ಕಿಯನ್ನು ಎಣಿಸಿ, ಕಂಡ ಸತ್ಯವನ್ನು ಹೆಚ್ಚುಕಡಿಮೆ ಮಾಡದೆ ಸಭೆಯಲ್ಲಿ ನುಡಿಯುವುದೂ ಕಾಯಕವೇ. ಅದರ ಫಲವು ಸಕಲ ಜೀವರಾಶಿಗೆ ಸಲ್ಲುವುದರಿಂದ ದಾಸೋಹವೂ ಅಹುದು. ಅನುಭವ ಮಂಟಪದಲ್ಲಿ ಬಗೆಬಗೆಯ ಕಾಯಕದವರು ತಮ್ಮ ಅನುಭವವನ್ನು ಒರೆಗೆ ಹಚ್ಚಿದ ಪರಂಪರೆ ನಮ್ಮದು. ಪ್ರಶ್ನೆಗೆ ಉತ್ತರ ಕೊಡುವ ವಿದ್ವತ್ಸಭೆ ನಮಗೆ ಹೊಸದೇನಲ್ಲ.

ಆದಕಾರಣ ಪ್ರತಿಯೊಂದು ಮನೆಯವರೂ ಎರಡು ನೇಮಗಳನ್ನು ಕೈಕೊಳ್ಳಲಿ. ಪೂಜೆಯ ಹೂಪತ್ರೆಗಳನ್ನು ಕೆರೆಗೆ ಬಿಡದೆ ಗಿಡದ ಬುಡಕ್ಕೆ ಹಾಕಲಿ. ಓದುವ ಮಕ್ಕಳ ಕೈಗೆ ಒಂದು ದಿನಚರಿಯನ್ನು ಕೊಟ್ಟು, ಊರ ಕೆರೆಯ ನೀರಿನ ಮಟ್ಟವನ್ನೂ ಹಕ್ಕಿಗಳನ್ನೂ ವಾರಕ್ಕೊಮ್ಮೆ ಬರೆಯಿಸಲಿ. ಒಂದು ವರ್ಷ ತುಂಬುವ ಹೊತ್ತಿಗೆ ಆ ದಿನಚರಿಯೇ ಸಭೆಯಲ್ಲಿ ಮಂಡಿಸಲು ಯೋಗ್ಯವಾದ ಪ್ರಬಂಧಕ್ಕೆ ತಳಹದಿಯಾದೀತು.