ಹಟ್ಟಿಗೂ ಒಂದು ಶಿಲುಬೆ: ಐರ್ಲೆಂಡಿನ ಹಳ್ಳಿಗರು ಜಾನುವಾರು ಸಾಕಿದ ಬಗೆ

1937ರಿಂದ 1939ರವರೆಗೆ ಐರ್ಲೆಂಡಿನ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳು ಮನೆಯ ಹಿರಿಯರನ್ನು ಕೇಳಿ ಊರಿನ ರೂಢಿಗಳನ್ನು ಬರೆದಿಟ್ಟರು. ಐರಿಶ್ ಜಾನಪದ ಆಯೋಗ ಅವರಿಗೆ ಕೊಟ್ಟ ವಿಷಯಗಳಲ್ಲಿ ಜಾನುವಾರುಗಳ ಆರೈಕೆಯೂ ಒಂದು. ಹಸುವಿನ ಹೆಸರೇನು, ಹಟ್ಟಿಯಲ್ಲಿ ಹೇಗೆ ಕಟ್ಟುತ್ತಾರೆ, ಕರುವನ್ನು ಏನೆಂದು ಕರೆಯುತ್ತಾರೆ ಎಂಬುದೆಲ್ಲ ಅದರಲ್ಲಿದೆ.

ಇಷ್ಟು ಕಾಳಜಿಗೆ ಕಾರಣವಿತ್ತು. ಬಡ ಗೇಣಿದಾರನಿಗೆ ಹಸುವೆಂದರೆ ಮಕ್ಕಳ ಹಾಲು, ಮಾರುವ ಬೆಣ್ಣೆ. ಹಂದಿ ಮಾರಿದ ಹಣ ಗೇಣಿಗೆ ಹೋಗುತ್ತಿತ್ತು. ಪ್ರಾಣಿ ಸತ್ತು ಗೇಣಿ ಬಾಕಿಯಾದರೆ ಮನೆಯನ್ನೇ ಬಿಡಬೇಕಾದೀತು. ಪಶ್ಚಿಮ ಭಾಗದ ಅನೇಕ ಮನೆಗಳಲ್ಲಿ ಒಂದೇ ಸೂರಿನಡಿ ಒಲೆಯ ಕಡೆ ಜನ, ಇಳಿಜಾರಿನ ತುದಿಯಲ್ಲಿ ಹಸು. ನಡುವೆ ಗಂಜಲ ಹರಿಯಲು ಕಾಲುವೆ. ಬೇಸಿಗೆಯಲ್ಲಿ ಹಿಂಡನ್ನು ಗುಡ್ಡದ ಹುಲ್ಲುಗಾವಲಿಗೆ ಒಯ್ಯುತ್ತಿದ್ದರು. ಅಲ್ಲಿನ ಗುಡಿಸಲುಗಳಲ್ಲಿ ಹೆಚ್ಚಾಗಿ ಹುಡುಗಿಯರೇ ಉಳಿದು ಹಾಲು ಕರೆದು ಬೆಣ್ಣೆ ಕಡೆಯುತ್ತಿದ್ದರು. ಆ ಹೊತ್ತಿಗೆ ಕೆಳಗಿನ ಹೊಲದ ಬೆಳೆ ಸುರಕ್ಷಿತ.

ಈ ಬದುಕಿನಲ್ಲಿ ವಿಶ್ವಾಸವೂ ಬೆರೆತಿತ್ತು. ಫೆಬ್ರವರಿ 1, ಸಂತ ಬ್ರಿಜಿಡ್ ಹಬ್ಬ. ಆಕೆ ದನಕರುಗಳ ಪಾಲಕಿ. ಹಿಂದಿನ ರಾತ್ರಿ ಜೊಂಡುಹುಲ್ಲಿನಿಂದ ಹೆಣೆದ ಶಿಲುಬೆಯನ್ನು ಮನೆಯಲ್ಲೂ ಹಟ್ಟಿಯಲ್ಲೂ ಸಿಕ್ಕಿಸುತ್ತಿದ್ದರು. ಅದೇ ರಾತ್ರಿ ಹೊರಗಿಟ್ಟ ಬಟ್ಟೆಯ ತುಂಡನ್ನು ಜೋಪಾನ ಮಾಡಿ, ಕರು ಹಾಕಲು ಕಷ್ಟಪಡುವ ಹಸುವಿನ ಮೇಲೆ ಹೊದಿಸುತ್ತಿದ್ದರು. ಹಾಲು ಕರೆದಾದ ಮೇಲೆ ನೊರೆಯಲ್ಲಿ ಬೆರಳದ್ದಿ ಹಸುವಿನ ಮೈಮೇಲೆ ಶಿಲುಬೆ ಗುರುತು ಹಾಕುವುದಿತ್ತು. ಪರರ ಹಟ್ಟಿಗೆ ಹೋದವರು 'ದೇವರ ಆಶೀರ್ವಾದವಿರಲಿ' ಎನ್ನದೆ ಹಸುವನ್ನು ಹೊಗಳಿದರೆ ದೃಷ್ಟಿ ತಾಗೀತೆಂಬ ಭಯ. ಜೂನ್ 23ರಂದು, ಸ್ನಾನಿಕ ಯೊವಾನ್ನರ ಹಬ್ಬದ ಮುನ್ನಾದಿನ, ಬೆಂಕಿ ಹಾಕಿ ದನಗಳನ್ನು ಅದರ ಹೊಗೆಯಲ್ಲಿ ದಾಟಿಸುತ್ತಿದ್ದರು.

ಎಲ್ಲವೂ ಮದ್ದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಹೊಟ್ಟೆನೋವಿನ ಕರುವಿನ ಬೆನ್ನ ಮೇಲೆ ದಾರಕ್ಕೆ ಗಂಟು ಹಾಕಿ ಎಳೆಯುತ್ತಿದ್ದರು. ಗಂಟು ಸಲೀಸಾಗಿ ಬಿಚ್ಚಿಕೊಂಡರೆ ಗುಣವಾಗುತ್ತದೆಂಬ ನಂಬಿಕೆ. ಇದರಿಂದ ರೋಗ ಹೋಗದು. ಹಸುವಿನ ಕ್ಷಯರೋಗ ಹಸಿ ಹಾಲಿನ ಮೂಲಕ ಮನುಷ್ಯರಿಗೂ ಹರಡುತ್ತಿತ್ತು. ಅದನ್ನು ತಡೆಯಲು 1954ರಲ್ಲಿ ಸರಕಾರಿ ತಪಾಸಣಾ ಯೋಜನೆಯೇ ಬೇಕಾಯಿತು. ಆದರೂ ಪಶುವೈದ್ಯರು ದೂರವಿದ್ದ, ಕರೆಸಲು ಕಾಸಿಲ್ಲದ ಕಾಲದಲ್ಲಿ ರಾತ್ರಿಯಿಡೀ ಲಾಂದ್ರ ಹಿಡಿದು ಹಸುವಿನ ಬಳಿ ಕುಳಿತವರನ್ನು ಮೂಢರೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ.

ಆ ಮಕ್ಕಳ ಬರಹಗಳು ಡಬ್ಲಿನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಭದ್ರವಾಗಿವೆ. ಅಂತರಜಾಲದಲ್ಲೂ ಓದಲು ಸಿಗುತ್ತವೆ. ಯಾರದೋ ಮನೆಯ ಹಸುವಿನ ಹೆಸರು ಇಂದಿಗೂ ಅಲ್ಲಿ ಉಳಿದಿದೆ.